‘ಕುಂಪಣಿ ಸರ್ಕಾರ’: ವರ್ತಕ ಸಂಸ್ಥೆಯನ್ನೂ ರಾಜ್ಯಾಧಿಕಾರವನ್ನೂ ಕುರಿತ ಕೆಲವು ಗ್ರಂಥಗಳ ವಿಮರ್ಶೆ

ಹತ್ತೊಂಬತ್ತನೆಯ ಶತಮಾನದ ಕನ್ನಡ ಜನರು ತಮ್ಮ ಮೇಲೆ ಬಂದೆರಗಿದ ಹೊಸ ಪ್ರಭುತ್ವವನ್ನು ‘ಕುಂಪಣಿ ಸರ್ಕಾರ’ವೆಂದು ಕರೆದರು. ಕುಂಪಣಿಯೆಂದರೆ ಪಾಲುದಾರರ ಲಾಭಕ್ಕಾಗಿ ನಡೆಯುವ ವ್ಯಾಪಾರಸಂಸ್ಥೆ. ಸರ್ಕಾರವೆಂದರೆ ಪ್ರಜೆಗಳ ಯೋಗಕ್ಷೇಮಕ್ಕೆ ಹೊಣೆಗಾರನಾದ ಅಧಿಕಾರ. ಒಂದರ ಧರ್ಮ ಮತ್ತೊಂದರ ಧರ್ಮವಲ್ಲ. ಆದರೂ ಜನರ ನಾಲಗೆಯಲ್ಲಿ ಇವೆರಡು ಶಬ್ದಗಳು ಬೇರ್ಪಡಿಸಲಾಗದಂತೆ ಬೆಸೆದುಕೊಂಡವು. ನಮ್ಮ ಪಠ್ಯಪುಸ್ತಕಗಳಲ್ಲಾದರೋ ಮೊದಲನೆಯ ಶಬ್ದವು ಕ್ರಮೇಣ ಮರೆಯಾಗಿ ‘ಬ್ರಿಟಿಷರ ಆಳ್ವಿಕೆ’ ಎಂಬ ಏಕಮಾತ್ರ ಶೀರ್ಷಿಕೆ ಉಳಿದುಕೊಂಡಿದೆ. ಪಾಲುದಾರರು ಯಾರು, ಅವರಿಗೆ ಲಾಭಾಂಶ ಎಲ್ಲಿಂದ ಬಂದಿತು, ಇಂಗ್ಲೆಂಡಿನ ರಾಜ್ಯಾಧಿಕಾರಕ್ಕೂ ಅವರಿಗೂ ಇದ್ದ ಸಂಬಂಧವೇನು ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಯು ಕೇಳುವುದಿಲ್ಲ; ಅಧ್ಯಾಪಕರಾದ ನಾವೂ ಕೇಳಿಸುವುದಿಲ್ಲ.

ಇತ್ತೀಚಿನ ಎರಡು ದಶಕಗಳಲ್ಲಿ ಆ ಮರೆತ ಶಬ್ದದ ಕಡೆಗೆ ವಿದ್ವಾಂಸರ ಗಮನ ಮರಳಿರುವುದು ಸಂತೋಷದ ಸಂಗತಿ. ಈ ಸಂಬಂಧದ ಮೂರು ಗ್ರಂಥಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲಾಗುವುದು. ಮೊದಲನೆಯದು 2006ರಲ್ಲಿ ಪ್ರಕಟವಾದ ನಿಕ್ ರಾಬಿನ್ಸ್ ಅವರ ‘ದಿ ಕಾರ್ಪೊರೇಷನ್ ದಟ್ ಚೇಂಜ್ಡ್ ದಿ ವರ್ಲ್ಡ್’. ಈಸ್ಟ್ ಇಂಡಿಯಾ ಕಂಪೆನಿಯನ್ನು ಇಂದಿನ ಬಹುರಾಷ್ಟ್ರೀಯ ಸಂಸ್ಥೆಗಳ ಪೂರ್ವಜನೆಂದು ತಿಳಿದು, ಏಕಸ್ವಾಮ್ಯದ ಆಸೆ, ಷೇರುಪೇಟೆಯ ಜೂಜು ಮತ್ತು ಹೊಣೆಗೇಡಿತನಗಳು ಅದರ ರಚನೆಯಲ್ಲಿಯೇ ಅಡಗಿದ್ದ ದೋಷಗಳೆಂದು ಇದು ಪ್ರತಿಪಾದಿಸುತ್ತದೆ. ಎರಡನೆಯದು 2011ರಲ್ಲಿ ಬಂದ ಫಿಲಿಪ್ ಸ್ಟರ್ನ್ ಅವರ ‘ದಿ ಕಂಪೆನಿ-ಸ್ಟೇಟ್’. ಪ್ಲಾಸಿಯ ಕದನಕ್ಕೆ ಮೊದಲು ಕಂಪೆನಿಯು ಬರಿಯ ವರ್ತಕರ ಕೂಟವಾಗಿತ್ತು, ಅನಂತರ ಆಕಸ್ಮಿಕವಾಗಿ ರಾಜನಾಯಿತು ಎಂಬ ರೂಢಿಯ ಕಥೆಯನ್ನು ಸ್ಟರ್ನ್ ಅವರು ಒಪ್ಪುವುದಿಲ್ಲ. ಮದರಾಸು, ಮುಂಬಯಿ, ಸೇಂಟ್ ಹೆಲೀನಾಗಳಲ್ಲಿ ಅದು ಹದಿನೇಳನೆಯ ಶತಮಾನದಲ್ಲಿಯೇ ಒಂದು ಬಗೆಯ ರಾಜ್ಯವಾಗಿತ್ತೆಂದು ಅವರ ವಾದ. ಮೂರನೆಯದು 2019ರಲ್ಲಿ ಹೊರಬಂದು ಸಾಮಾನ್ಯ ಓದುಗರಲ್ಲಿಯೂ ಪ್ರಸಿದ್ಧಿ ಪಡೆದ ವಿಲಿಯಮ್ ಡಾಲ್ರಿಂಪಲ್ ಅವರ ‘ದಿ ಅನಾರ್ಕಿ’. ಭಾರತವನ್ನು ಗೆದ್ದುದು ಬ್ರಿಟಿಷ್ ರಾಷ್ಟ್ರವಲ್ಲ, ಲಂಡನ್ನಿನ ಒಂದು ಖಾಸಗಿ ಸಂಸ್ಥೆ ಎಂಬುದನ್ನು ಕೇಂದ್ರವಾಗಿಟ್ಟುಕೊಂಡು, 1803ರಲ್ಲಿ ದೆಹಲಿಯು ಕಂಪೆನಿಯ ವಶವಾದವರೆಗಿನ ವೃತ್ತಾಂತವನ್ನು ಪಾರಸಿ ಆಧಾರಗಳ ನೆರವಿನಿಂದ ಈ ಗ್ರಂಥವು ನಿರೂಪಿಸುತ್ತದೆ.

ಮೂರು ಗ್ರಂಥಗಳ ಗುಣವನ್ನೂ ಮೊದಲು ಹೇಳುವುದು ನ್ಯಾಯ. ರಾಬಿನ್ಸ್ ಅವರು ಷೇರುಪೇಟೆಯನ್ನು ಸಾಮ್ರಾಜ್ಯದ ಇತಿಹಾಸದೊಳಕ್ಕೆ ತಂದರು. ಸ್ಟರ್ನ್ ಅವರು ವ್ಯಾಪಾರ ಮತ್ತು ರಾಜ್ಯ ಎಂಬ ನಮ್ಮ ವಿಂಗಡಣೆಯೇ ಆ ಕಾಲಕ್ಕೆ ಪೂರ್ತಿಯಾಗಿ ಒಪ್ಪದೆಂದು ತೋರಿಸಿದರು. ಡಾಲ್ರಿಂಪಲ್ ಅವರು ಸೋತವರ ಲೇಖನಿಯಿಂದ ಬಂದ ಸಾಕ್ಷ್ಯಕ್ಕೆ ಗೌರವದ ಸ್ಥಾನವನ್ನು ಕೊಟ್ಟರು. ಆದರೆ ಮೂವರ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ: ಕಂಪೆನಿ ಮತ್ತು ರಾಜ್ಯ ಇವೆರಡರಲ್ಲಿ ಯಾವುದು ಯಾವುದನ್ನು ಆಳಿತು? ಈ ಪ್ರಶ್ನೆಗೆ ‘ಕಂಪೆನಿಯು ರಾಜ್ಯವನ್ನು ಕೊಂಡುಕೊಂಡಿತು’ ಎಂದಾದರೂ, ‘ರಾಜ್ಯವು ಕಂಪೆನಿಯನ್ನು ಉಪಕರಣವಾಗಿ ಬಳಸಿತು’ ಎಂದಾದರೂ, ‘ಕಂಪೆನಿಯೇ ರಾಜ್ಯವಾಗಿತ್ತು’ ಎಂದಾದರೂ ಉತ್ತರ ಕೊಡಬಹುದು. ಒಂದೊಂದಕ್ಕೂ ಆಧಾರಗಳು ದೊರೆಯುತ್ತವೆ. ಆದುದರಿಂದಲೇ ಆ ಪ್ರಶ್ನೆಯಿಂದ ನಿರ್ಣಯ ಸಿಕ್ಕದು. ಲಾಭ ಬಂದಾಗ ಅದು ಯಾರ ಪಾಲಾಯಿತು, ನಷ್ಟ ಬಂದಾಗ ಅದನ್ನು ಹೊತ್ತವರು ಯಾರು ಎಂದು ಕೇಳಿದರೆ ಮಾತ್ರ ಮಹಾಸಂಸ್ಥೆಯೊಂದರ ಪ್ರಭಾವದ ನಿಜಸ್ವರೂಪ ಗೋಚರಿಸುತ್ತದೆ. ಈ ಅಭಿಪ್ರಾಯವನ್ನು ಕೆಲವು ಘಟ್ಟಗಳ ಮೂಲಕ ಸ್ಥಾಪಿಸಲು ಯತ್ನಿಸುತ್ತೇನೆ.

ಪ್ರಭಾವವೆಂದೊಡನೆ ಲಂಚದ ನೆನಪಾಗುವುದು ಸಹಜ. 1695ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ನಡೆಸಿದ ವಿಚಾರಣೆಯಲ್ಲಿ, ಸನ್ನದನ್ನು ಉಳಿಸಿಕೊಳ್ಳಲು ಕಂಪೆನಿಯು ಅಧಿಕಾರಸ್ಥರಿಗೆ ಹಣ ಹಂಚಿದ ಸಂಗತಿ ಬಯಲಾಯಿತು. ಗವರ್ನರನಾಗಿದ್ದ ಸರ್ ಥಾಮಸ್ ಕುಕ್ ಲಂಡನ್ನಿನ ಗೋಪುರದ ಸೆರೆಮನೆಯನ್ನು ಕಂಡನು; ಲೀಡ್ಸ್ ಪ್ರಭುವಿನ ಮೇಲೆ ಮಹಾಭಿಯೋಗವನ್ನು ಹೂಡಿದರೂ ಅದು ತೀರ್ಪಿನವರೆಗೆ ಮುಟ್ಟಲಿಲ್ಲ. ಆದರೆ ಇದಕ್ಕಿಂತ ಅರ್ಥಪೂರ್ಣವಾದ ಘಟನೆ ಮೂರು ವರ್ಷಗಳ ತರುವಾಯ ನಡೆಯಿತು. 1698ರಲ್ಲಿ ಸರ್ಕಾರಕ್ಕೆ ಶೇಕಡ 8ರ ಬಡ್ಡಿಯಲ್ಲಿ 20 ಲಕ್ಷ ಪೌಂಡು ಸಾಲ ಕೊಟ್ಟವರಿಗೆ ಪೂರ್ವದೇಶಗಳ ವ್ಯಾಪಾರದ ಹಕ್ಕು ದೊರೆಯಿತು. ಹೊಸದೊಂದು ಕಂಪೆನಿ ಹುಟ್ಟಿತು. ಹಳೆಯದೂ ಹೊಸದೂ 1709ರಲ್ಲಿ ಒಂದಾದಾಗ ಸರ್ಕಾರಕ್ಕೆ ಕೊಟ್ಟ ಸಾಲದ ಮೊತ್ತ 32 ಲಕ್ಷ ಪೌಂಡುಗಳಾಗಿತ್ತು. ಲಂಚವು ಗುಟ್ಟಿನ ವ್ಯವಹಾರ, ಸಿಕ್ಕಿಬಿದ್ದರೆ ಶಿಕ್ಷೆಯುಂಟು. ಸಾಲವು ಶಾಸನಬದ್ಧವಾದುದು, ಅದಕ್ಕೆ ಗೌರವವುಂಟು. ಯುದ್ಧದ ವೆಚ್ಚಕ್ಕೆ ಹಣವಿಲ್ಲದ ರಾಜ್ಯವು ಧನಿಕ ಸಂಸ್ಥೆಯ ಸಾಲಗಾರನಾದ ಬಳಿಕ ಆ ಸಂಸ್ಥೆಯ ಕ್ಷೇಮವು ರಾಜ್ಯದ ಕ್ಷೇಮವೇ ಆಗಿಬಿಡುತ್ತದೆ.

ಈ ಪರಸ್ಪರಾವಲಂಬನೆಯ ಮುಂದಿನ ಹಂತವನ್ನು ಲೂಸಿ ಸದರ್ಲೆಂಡ್ ಅವರು 1952ರಲ್ಲಿ ಪ್ರಕಟಿಸಿದ, ಹದಿನೆಂಟನೆಯ ಶತಮಾನದ ರಾಜಕೀಯದಲ್ಲಿ ಕಂಪೆನಿಯ ಸ್ಥಾನವನ್ನು ಕುರಿತ ಗ್ರಂಥವು ವಿಶದವಾಗಿ ತಿಳಿಸುತ್ತದೆ. ಕಂಪೆನಿಯ ಪಾಲುದಾರರ ಸಭೆಯಲ್ಲಿ 500 ಪೌಂಡಿನ ಪಾಲಿಗೆ ಒಂದು ಮತವಿತ್ತು. ಚುನಾವಣೆ ಸಮೀಪಿಸಿದಾಗ ಹೆಚ್ಚು ಪಾಲುಳ್ಳವರು ತಮ್ಮ ಬಂಡವಾಳವನ್ನು 500 ಪೌಂಡಿನ ತುಂಡುಗಳಾಗಿ ಮಾಡಿ ಆಪ್ತರ ಹೆಸರಿಗೆ ತಾತ್ಕಾಲಿಕವಾಗಿ ವರ್ಗಾಯಿಸಿ ಮತಗಳನ್ನು ಸೃಷ್ಟಿಸುತ್ತಿದ್ದರು. ಮಂತ್ರಿಗಳೂ ಈ ಆಟದಲ್ಲಿ ಕೈಯಾಡಿಸಿದರು. ಪಾರ್ಲಿಮೆಂಟಿನಲ್ಲಿ ಕಂಪೆನಿಯ ಜನ, ಕಂಪೆನಿಯ ಸಭೆಯಲ್ಲಿ ಪಾರ್ಲಿಮೆಂಟಿನ ಜನ: ಹೀಗಿರುವಾಗ ಯಾರು ಯಾರನ್ನು ಆಳಿದರೆಂದು ಕೇಳುವುದು ನೀರಿಗೆ ಬಿದ್ದ ಹಾಲಿನಲ್ಲಿ ಹಾಲಾವುದು ನೀರಾವುದು ಎಂದು ಕೇಳಿದಂತೆಯೇ ಸರಿ.

1765ರಲ್ಲಿ ಬಂಗಾಳ, ಬಿಹಾರ, ಒರಿಸ್ಸಗಳ ದಿವಾನಿ ಅಧಿಕಾರವು ಕಂಪೆನಿಗೆ ದೊರೆಯಿತು. ಅದಕ್ಕೆ ಪ್ರತಿಯಾಗಿ ಮೊಗಲ್ ಚಕ್ರವರ್ತಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ನಿಗದಿಯಾಯಿತು. ಎರಡೇ ವರ್ಷಗಳಲ್ಲಿ, ಎಂದರೆ 1767ರಲ್ಲಿ, ಬ್ರಿಟಿಷ್ ಸರ್ಕಾರವು ತನಗೂ ವರ್ಷಕ್ಕೆ 4 ಲಕ್ಷ ಪೌಂಡು ಸಲ್ಲತಕ್ಕದ್ದೆಂದು ವಿಧಿಸಿತು. ಇದನ್ನು ನಿಯಂತ್ರಣವೆಂದು ಹಲವರು ವರ್ಣಿಸಿದ್ದಾರೆ; ಪರಿಣಾಮದಲ್ಲಿ ಅದು ಪಾಲುಗಾರಿಕೆಯೇ ಆಯಿತು. 1770ರಲ್ಲಿ ಬಂಗಾಳಕ್ಕೆ ಭೀಕರ ಕ್ಷಾಮ ಬಂದಿತು. ಪ್ರಜೆಗಳಲ್ಲಿ ಮೂರರಲ್ಲೊಂದು ಭಾಗ ಅಳಿಯಿತೆಂದು ವಾರನ್ ಹೇಸ್ಟಿಂಗ್ಸ್ 1772ರಲ್ಲಿ ಅಂದಾಜು ಮಾಡಿದನು. ಈ ಅಂದಾಜು ಹೆಚ್ಚಿನದೆಂದು ಇತ್ತೀಚಿನ ಕೆಲವು ವಿದ್ವಾಂಸರು ವಾದಿಸುವುದುಂಟು. ಆದರೆ ಅದೇ ವರದಿಯ ಇನ್ನೊಂದು ಮಾತಿಗೆ ಅಂಥ ಸಂದೇಹವಿಲ್ಲ: 1771ರಲ್ಲಿ ವಸೂಲಾದ ಕಂದಾಯವು ಕ್ಷಾಮಕ್ಕೆ ಮುಂಚಿನ 1768ರ ವಸೂಲಿಯನ್ನೂ ಮೀರಿತ್ತು. ಉಳಿದವರು ಸತ್ತವರ ಕಂದಾಯವನ್ನೂ ತೆತ್ತರು. ಅತ್ತ ಲಂಡನ್ನಿನಲ್ಲಿ 1771ರಲ್ಲಿ ಲಾಭಾಂಶವು ಶೇಕಡ 12½ರ ಮಟ್ಟಕ್ಕೇರಿತು. ಮರುವರ್ಷ ಯೂರೋಪಿನ ಲೇವಾದೇವಿ ಕುಸಿದು ಕಂಪೆನಿಯು ದಿವಾಳಿಯ ಅಂಚಿಗೆ ಬಂದಾಗ, ಅದು ಬೀಳಲು ಸರ್ಕಾರ ಬಿಡಲಿಲ್ಲ. 1773ರಲ್ಲಿ 14 ಲಕ್ಷ ಪೌಂಡು ಸಾಲ ಕೊಟ್ಟು, ಅದೇ ಕಾಲಕ್ಕೆ ರೆಗ್ಯುಲೇಟಿಂಗ್ ಶಾಸನವನ್ನೂ ಮಾಡಿತು. ಕಂಪೆನಿಯ ಉಗ್ರಾಣಗಳಲ್ಲಿ ಕೊಳೆಯುತ್ತಿದ್ದ ಚಹಾವನ್ನು ಅಮೆರಿಕದಲ್ಲಿ ಮಾರಲು ಚಹಾ ಶಾಸನವನ್ನೂ ಮಾಡಿತು. ಆ ವರ್ಷದ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ಸಮುದ್ರದ ಪಾಲಾದುದು ಸರ್ವವಿದಿತ. ನಮ್ಮ ಪಠ್ಯಪುಸ್ತಕಗಳು ರೆಗ್ಯುಲೇಟಿಂಗ್ ಶಾಸನವನ್ನು ಭಾರತದ ಅಧ್ಯಾಯದಲ್ಲಿಯೂ ಬಾಸ್ಟನ್ನಿನ ಘಟನೆಯನ್ನು ಅಮೆರಿಕದ ಅಧ್ಯಾಯದಲ್ಲಿಯೂ ಇಟ್ಟು, ಸಾಲದ ಸಂಗತಿಯನ್ನು ಬಹುಮಟ್ಟಿಗೆ ಬಿಟ್ಟೇಬಿಡುತ್ತವೆ. ಮೂರೂ ಒಂದೇ ವರ್ಷದ, ಒಂದೇ ದಿವಾಳಿಯ ಫಲಗಳು.

ಈ ಕಥೆಗೆ ಮೈಸೂರಿನ ಸಂಬಂಧವೂ ಉಂಟು. ಮೊದಲನೆಯ ಮೈಸೂರು ಯುದ್ಧದಲ್ಲಿ ಹೈದರಾಲಿಯು ಮದರಾಸಿನ ಬಾಗಿಲಿಗೆ ಬಂದು, 1769ರ ಏಪ್ರಿಲ್ ತಿಂಗಳಲ್ಲಿ ಒಪ್ಪಂದಕ್ಕೆ ರುಜು ಹಾಕಿಸಿಕೊಂಡನೆಂಬುದು ನಮಗೆಲ್ಲ ತಿಳಿದ ವಿಷಯ. ಅದೇ ವರ್ಷದ ಮೇ ತಿಂಗಳಲ್ಲಿ, ಹೈದರನ ಮುನ್ನಡೆಯನ್ನು ತಿಳಿಸುವ, ತಿಂಗಳುಗಳಷ್ಟು ಹಳೆಯದಾದ ಸುದ್ದಿ ಲಂಡನ್ನಿಗೆ ಮುಟ್ಟಿ ಕಂಪೆನಿಯ ಪಾಲುಗಳ ಬೆಲೆ ಥಟ್ಟನೆ ಕುಸಿಯಿತು. ದಿವಾನಿಯ ಐಶ್ವರ್ಯವನ್ನು ನಂಬಿ ಸಾಲ ಮಾಡಿ ಪಾಲು ಕೊಂಡಿದ್ದ ಎಷ್ಟೋ ಮಂದಿ ನೆಲಕಚ್ಚಿದರು. ಅವರಲ್ಲಿ ಪಾರ್ಲಿಮೆಂಟಿನ ಸದಸ್ಯರಾದ ವರ್ನಿ ಪ್ರಭುವೂ ವಿಲಿಯಮ್ ಬರ್ಕನೂ ಲಾಕ್ಲಿನ್ ಮೆಕ್ಲೀನನೂ ಇದ್ದರು. ಮೈಸೂರಿನ ಅಶ್ವದಳವು ಲಂಡನ್ನಿನ ಪೇಟೆಯನ್ನು ಹೀಗೆ ತುಳಿದದ್ದು ನಮ್ಮವರಿಗೆ ಹೆಮ್ಮೆ ತರಬಹುದು. ಆದರೆ ಇತಿಹಾಸಕಾರನ ಕಣ್ಣಿಗೆ ಬೀಳಬೇಕಾದುದು ಮುಂದಿನ ಸಂಗತಿ. ಪೇಟೆಯಲ್ಲಿ ಕಳೆದುಕೊಂಡವರು ಅದನ್ನು ಪೇಟೆಯಲ್ಲಿಯೇ ಬಿಟ್ಟು ಸುಮ್ಮನಾಗಲಿಲ್ಲ. ಮೆಕ್ಲೀನನು ಭಾರತಕ್ಕೆ ಬಂದು ಆರ್ಕಾಟಿನ ನವಾಬನ ಏಜೆಂಟನಾದನು. ವಿಲಿಯಮ್ ಬರ್ಕನು ತಂಜಾವೂರಿನ ರಾಜನ ಏಜೆಂಟನಾದನು. ಲಂಡನ್ನಿನ ನಷ್ಟವನ್ನು ತುಂಬಿಕೊಳ್ಳುವ ಹೊಲ ದಕ್ಷಿಣ ಭಾರತದಲ್ಲಿತ್ತು.

ಆ ಹೊಲದ ಬೇಸಾಯವನ್ನು ತಿಳಿಯಲು ಆರ್ಕಾಟಿನ ಸಾಲಗಳನ್ನು ನೋಡಬೇಕು. ನವಾಬ ಮಹಮ್ಮದಾಲಿಯು ಕಂಪೆನಿಯ ಸೈನ್ಯದ ವೆಚ್ಚಕ್ಕಾಗಿ ಕಂಪೆನಿಯ ನೌಕರರಿಂದಲೇ ವಿಪರೀತ ಬಡ್ಡಿಗೆ ಸಾಲ ತೆಗೆದು, ಸೀಮೆಗಳ ಕಂದಾಯವನ್ನು ಅವರಿಗೆ ಬರೆದುಕೊಡುತ್ತಿದ್ದನು. 1773ರಲ್ಲಿ ನವಾಬನ ಪರವಾಗಿ ತಂಜಾವೂರನ್ನು ಹಿಡಿದುದು ತಪ್ಪೆಂದು ಡೈರೆಕ್ಟರುಗಳು ಆಜ್ಞೆ ಮಾಡಿದಾಗ, ರಾಜನಿಗೆ ರಾಜ್ಯವನ್ನು ಹಿಂದಿರುಗಿಸಲು ಗವರ್ನರ್ ಪಿಗಟ್ ಬಂದನು. ತಂಜಾವೂರಿನ ಬೆಳೆಯ ಮೇಲೆ ತನಗೆ ಹಕ್ಕಿದೆಯೆಂದು ಪಾಲ್ ಬೆನ್‌ಫೀಲ್ಡ್ ಎಂಬ ಸಾಲಿಗನು ಮುಂದೆ ಬಂದನು. 1776ರ ಆಗಸ್ಟಿನಲ್ಲಿ ಕೌನ್ಸಿಲಿನ ಬಹುಮತದವರು ತಮ್ಮ ಗವರ್ನರನನ್ನೇ ಸೆರೆಹಿಡಿದರು. ಮರುವರ್ಷ ಆತನು ಬಂಧನದಲ್ಲಿಯೇ ಸತ್ತನು. ಬೆನ್‌ಫೀಲ್ಡನಾದರೋ 1780ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದನು. 1783ರಲ್ಲಿ ಫಾಕ್ಸನ ಭಾರತ ಮಸೂದೆಯನ್ನು ಕಂಪೆನಿಯು ವಿರೋಧಿಸಿತು. ಮೂರನೆಯ ಜಾರ್ಜ್ ದೊರೆಯ ಒತ್ತಾಯದಿಂದ ಪ್ರಭುಗಳ ಸಭೆ ಅದನ್ನು ತಳ್ಳಿಹಾಕಿತು. ಫಾಕ್ಸನ ಮಂತ್ರಿಮಂಡಲ ಉರುಳಿ ಪಿಟ್ ಅಧಿಕಾರಕ್ಕೆ ಬಂದನು. ಹೊಸದಾಗಿ ರಚಿತವಾದ ನಿಯಂತ್ರಣ ಮಂಡಲಿಯು ಮಾಡಿದ ಮೊದಮೊದಲ ಕಾರ್ಯಗಳಲ್ಲಿ ಒಂದು, ಆರ್ಕಾಟಿನ ಸಾಲಗಳನ್ನು ವಿಚಾರಣೆಯಿಲ್ಲದೆ ಮಾನ್ಯ ಮಾಡಿದುದು. ಇದು ಚುನಾವಣೆಯ ಋಣ ತೀರಿಸಿದ ಬಗೆಯೆಂದು ಎಡ್ಮಂಡ್ ಬರ್ಕನು 1785ರ ಫೆಬ್ರವರಿ 28ರ ಭಾಷಣದಲ್ಲಿ ಆರೋಪಿಸಿದನು. ಬೆನ್‌ಫೀಲ್ಡನು ಪಾರ್ಲಿಮೆಂಟಿಗೆ ಎಂಟು ಮಂದಿ ಸದಸ್ಯರನ್ನು ತಂದಿದ್ದಾನೆಂದೂ ಹೇಳಿದನು. ಸಭೆಯು ಆತನ ಸೂಚನೆಯನ್ನು ಸೋಲಿಸಿತು. ಮುಂದೆ ಉಳಿದ ಸಾಲಗಳ ಪರಿಶೀಲನೆಗಾಗಿ 1805ರಲ್ಲಿ ಏರ್ಪಟ್ಟ ಆಯೋಗವು ಬೇಡಿಕೆಗಳಲ್ಲಿ ಬಹುಪಾಲನ್ನು ನಿರಾಕರಿಸಿತೆಂಬುದನ್ನು ಇಲ್ಲಿ ಗಮನಿಸಬೇಕು.

ಕಂಪೆನಿಯನ್ನು ಒಂದೇ ಮನಸ್ಸಿನ ವ್ಯಕ್ತಿಯಂತೆ ಕಾಣುವ ಡಾಲ್ರಿಂಪಲ್ ಅವರ ನಿರೂಪಣಾ ಕ್ರಮಕ್ಕೆ ಆರ್ಕಾಟಿನ ಪ್ರಕರಣವು ಒಗ್ಗುವುದಿಲ್ಲ. ಇಲ್ಲಿ ಡೈರೆಕ್ಟರುಗಳ ಆಜ್ಞೆಯನ್ನು ನೌಕರರು ಮೀರಿದರು. ನೌಕರರ ಲಾಭವನ್ನು ಮಂತ್ರಿಗಳು ಕಾಪಾಡಿದರು. ಸಂಸ್ಥೆಯ ರಚನೆಯ ದೋಷಗಳಲ್ಲಿ ಕಾರಣವನ್ನು ಹುಡುಕುವ ರಾಬಿನ್ಸ್ ಅವರ ಮಾರ್ಗದಿಂದಲೂ ಇದು ಪೂರ್ತಿಯಾಗಿ ತಿಳಿಯದು. ಏಕೆಂದರೆ ದೋಷವನ್ನು ತಿದ್ದಲು ಏರ್ಪಟ್ಟ ಮಂಡಲಿಯೇ ಅದನ್ನು ಊರ್ಜಿತಗೊಳಿಸಿತು. ಆದರೆ ನಷ್ಟವನ್ನು ಹೊತ್ತವರಾರೆಂದು ಕೇಳಿದರೆ ಉತ್ತರ ನಿಸ್ಸಂದಿಗ್ಧ: ಆರ್ಕಾಟು ಮತ್ತು ತಂಜಾವೂರು ಸೀಮೆಗಳ ಒಕ್ಕಲುಗಳು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರಿನ ಅರಸು ಮನೆತನದೊಡನೆ ಆದ ಒಪ್ಪಂದವನ್ನೂ ಇದೇ ದೃಷ್ಟಿಯಿಂದ ಓದಬಹುದು. ನಾವು ಅದನ್ನು ರಾಜಕೀಯ ಸಂಧಿಯೆಂದು ಪಾಠ ಹೇಳುತ್ತೇವೆ. ಅದರ ಷರತ್ತುಗಳು ಮಾತ್ರ ಅಡಮಾನಪತ್ರದ ಷರತ್ತುಗಳಂತಿವೆ. ವರ್ಷಕ್ಕೆ 7 ಲಕ್ಷ ವರಹ, ಎಂದರೆ ಸುಮಾರು 24½ ಲಕ್ಷ ರೂಪಾಯಿ, ಪೊಗದಿಯನ್ನು ಸಲ್ಲಿಸಬೇಕು. ಈ ಹಣಕ್ಕೆ ಚ್ಯುತಿ ಬಂದೀತೆಂಬ ಶಂಕೆ ಗವರ್ನರ್ ಜನರಲ್ಲನಿಗೆ ಉಂಟಾದರೆ ಆಡಳಿತವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದು. ತಪ್ಪಿದರೆ ಎಂದಲ್ಲ, ತಪ್ಪೀತೆಂಬ ಶಂಕೆ ಬಂದರೆ ಎಂದು! ನಗರದ ರೈತರ ದಂಗೆಯ ತರುವಾಯ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಳ್ಳಲು ಬೆಂಟಿಂಕನಿಗೆ ಆಧಾರವಾದುದು ಈ ಷರತ್ತೇ. ರಾಜ್ಯವು ಮತ್ತೆ ಅರಸು ಮನೆತನಕ್ಕೆ ಬರಲು 50 ವರ್ಷಗಳು ಹಿಡಿದವು. ಪ್ರಜೆಗಳ ಸಂಕಟವು ಹಸ್ತಕ್ಷೇಪಕ್ಕೆ ನೆಪವಾಗಿದ್ದಿರಬಹುದು. ಕರಾರಿನ ಮಾತಿನಲ್ಲಿ ಮುಖ್ಯವಾಗಿದ್ದುದು ಸಾಲಿಗನ ಭದ್ರತೆ.

ಇನ್ನು ಕೊನೆಯ ಘಟ್ಟ. 1833ರ ಶಾಸನದಿಂದ ಕಂಪೆನಿಯ ವ್ಯಾಪಾರವೆಲ್ಲ ನಿಂತುಹೋಯಿತು. ವ್ಯಾಪಾರವಿಲ್ಲದ ವರ್ತಕ ಸಂಸ್ಥೆಯ ಪಾಲುದಾರರಿಗೆ ಲಾಭಾಂಶವೆಲ್ಲಿಂದ ಬರಬೇಕು? ಶಾಸನವು ಅದಕ್ಕೆ ದಾರಿ ಮಾಡಿಕೊಟ್ಟಿತು: 60 ಲಕ್ಷ ಪೌಂಡು ಬಂಡವಾಳದ ಮೇಲೆ ಶೇಕಡ 10½ರಂತೆ ವರ್ಷಕ್ಕೆ 6 ಲಕ್ಷ 30 ಸಾವಿರ ಪೌಂಡುಗಳನ್ನು ಭಾರತದ ಕಂದಾಯದಿಂದ ಕೊಡತಕ್ಕದ್ದು, ಮುಂದೆ ಪಾಲನ್ನು ತೀರಿಸುವಾಗ 100 ಪೌಂಡಿಗೆ 200 ಪೌಂಡು ಸಲ್ಲತಕ್ಕದ್ದು. 1858ರಲ್ಲಿ ಕಂಪೆನಿಯ ರಾಜ್ಯಭಾರವೂ ಕೊನೆಗೊಂಡಿತು, ಲಾಭಾಂಶ ನಿಲ್ಲಲಿಲ್ಲ. 1874ರಲ್ಲಿ ಕಂಪೆನಿಯು ವಿಸರ್ಜನೆಯಾಗುವವರೆಗೂ ಅದು ಸಂದಿತು. 1870ರಲ್ಲಿ ಧಾರವಾಡದ ರೈತನು ಕಟ್ಟಿದ ಕಂದಾಯದಲ್ಲಿಯೂ, ವ್ಯಾಪಾರ ಮಾಡದ, ರಾಜ್ಯವಾಳದ ಈ ಸಂಸ್ಥೆಯ ಪಾಲುದಾರನಿಗೆ ಒಂದು ಅಂಶ ಸೇರಿತ್ತು. ರಮೇಶಚಂದ್ರ ದತ್ತರು 1902 ಮತ್ತು 1904ರಲ್ಲಿ ಪ್ರಕಟಿಸಿದ ಆರ್ಥಿಕ ಇತಿಹಾಸದ ಸಂಪುಟಗಳಲ್ಲಿ ಈ ಅನ್ಯಾಯವನ್ನು ಎತ್ತಿ ತೋರಿಸಿದ್ದರು. 1803ಕ್ಕೆ ಕಥೆ ನಿಲ್ಲಿಸುವ ಡಾಲ್ರಿಂಪಲ್ ಅವರ ಗ್ರಂಥಕ್ಕೂ, ಪ್ಲಾಸಿಗೆ ಮುಂಚಿನ ಕಾಲವನ್ನೇ ಮುಖ್ಯವಾಗಿ ಆರಿಸಿಕೊಂಡ ಸ್ಟರ್ನ್ ಅವರ ಗ್ರಂಥಕ್ಕೂ ಇದು ಹೊರಗಿನ ವಿಷಯ. ಕಾಲದ ಮಿತಿಯನ್ನು ಗೊತ್ತುಮಾಡುವ ಹಕ್ಕು ಗ್ರಂಥಕರ್ತನಿಗಿದೆ, ನಿಜ. ಆದರೆ ಆ ಮಿತಿಯಿಂದಾಗಿ ಡಾಲ್ರಿಂಪಲ್ ಅವರ ಓದುಗನಿಗೆ ಕಂಪೆನಿಯ ಶಕ್ತಿಯೆಂದರೆ ಮುಖ್ಯವಾಗಿ ಖಡ್ಗದ ಶಕ್ತಿಯೆಂದು ತೋರುತ್ತದೆ. ಖಡ್ಗ ಒರೆಗೆ ಸೇರಿದ ಮೇಲೂ ಲೆಕ್ಕದ ಪುಸ್ತಕವು ತೆರೆದೇ ಇತ್ತೆಂಬುದು ತಿಳಿಯುವುದಿಲ್ಲ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. 1773, 1784, 1813, 1833, 1858 ಎಂಬ ಹಂತಗಳಲ್ಲಿ ಪಾರ್ಲಿಮೆಂಟು ಕಂಪೆನಿಯ ರೆಕ್ಕೆಗಳನ್ನು ಕತ್ತರಿಸುತ್ತ ಬಂದಿತಲ್ಲವೆ? ರಾಜ್ಯವೇ ಗೆದ್ದಿತೆಂಬುದಕ್ಕೆ ಇದು ಪ್ರಮಾಣವಲ್ಲವೆ? ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಬರ್ಕನಂಥವರ ಪ್ರತಿಭಟನೆಯನ್ನೂ, 1788ರಿಂದ 1795ರವರೆಗೆ ನಡೆದು ಖುಲಾಸೆಯಲ್ಲಿ ಮುಗಿದ ಹೇಸ್ಟಿಂಗ್ಸನ ವಿಚಾರಣೆಯನ್ನೂ ಬರಿಯ ನಾಟಕವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಅಧಿಕಾರವನ್ನು ಕಿತ್ತುಕೊಂಡಾಗಲೆಲ್ಲ ಪಾಲುದಾರನ ಹಿತಕ್ಕೆ ರಕ್ಷಣೆಯನ್ನೂ ಕೊಡಲಾಯಿತು. ಕಂಪೆನಿಯು ಅಧಿಕಾರವನ್ನು ಕಳೆದುಕೊಂಡಿತು. ಪಾಲುದಾರನು ಹಣವನ್ನು ಕಳೆದುಕೊಳ್ಳಲಿಲ್ಲ. ಆ ರಕ್ಷಣೆಯ ವೆಚ್ಚವನ್ನು ಹೊತ್ತ ಭಾರತೀಯನಿಗೆ ಪಾಲುದಾರರ ಸಭೆಯಲ್ಲಾಗಲಿ ಪಾರ್ಲಿಮೆಂಟಿನಲ್ಲಾಗಲಿ ಬಾಯಿಯಿರಲಿಲ್ಲ. ಅಲ್ಲಿ ಬಾಯಿಲ್ಲದವನ ಹೆಗಲಿಗೆ ಭಾರವನ್ನು ಜಾರಿಸುವುದು ಇಬ್ಬರಿಗೂ ಸುಲಭವಾಗಿತ್ತು.

ರಾಬಿನ್ಸ್ ಮತ್ತು ಡಾಲ್ರಿಂಪಲ್ ಇಬ್ಬರೂ ಕಂಪೆನಿಯ ಕಥೆಯನ್ನು ಇಂದಿನ ಮಹಾಸಂಸ್ಥೆಗಳಿಗೆ ಅನ್ವಯಿಸಿದ್ದಾರೆ. ಈ ಹೋಲಿಕೆಯಲ್ಲಿ ಎಚ್ಚರ ಬೇಕು. ಇಂದಿನ ಯಾವ ಸಂಸ್ಥೆಗೂ ಸ್ವಂತ ಸೈನ್ಯದಿಂದ ರಾಜ್ಯಗಳನ್ನು ಗೆದ್ದು ಕಂದಾಯವೆತ್ತುವ ಸನ್ನದು ಇಲ್ಲ. ವಯಸ್ಕ ಮತದಾನವೂ ಸ್ವತಂತ್ರ ನ್ಯಾಯಾಲಯವೂ ಆಗ ಇರಲಿಲ್ಲ. ಸಂಸ್ಥೆಗಳನ್ನು ಹೋಲಿಸುವುದಕ್ಕಿಂತ ಪ್ರಶ್ನೆಯನ್ನು ಉಳಿಸಿಕೊಳ್ಳುವುದು ಲೇಸು. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದಾಗ ಅಲ್ಲಿಯ ಸರ್ಕಾರವು 70,000 ಕೋಟಿ ಡಾಲರುಗಳವರೆಗಿನ ನೆರವಿಗೆ ಶಾಸನ ಮಾಡಿತು. ಆಗಲೂ ಕೇಳಬೇಕಾದ ಪ್ರಶ್ನೆ 1773ರದೇ. ನಮ್ಮ ದೇಶದಲ್ಲಿ, ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 7½ಕ್ಕಿಂತ ಹೆಚ್ಚು ಹಣವನ್ನು ರಾಜಕೀಯ ಪಕ್ಷಗಳಿಗೆ ಕೊಡಬಾರದೆಂಬ ಮಿತಿಯನ್ನು 2017ರಲ್ಲಿ ತೆಗೆದುಹಾಕಲಾಯಿತು; 2018ರಲ್ಲಿ ದಾನಿಯ ಹೆಸರು ಮತದಾರನಿಗೆ ತಿಳಿಯದಂತೆ ಚುನಾವಣಾ ಬಾಂಡುಗಳ ಯೋಜನೆ ಬಂದಿತು. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಯೋಜನೆಯನ್ನೂ ಮಿತಿಯ ರದ್ದತಿಯನ್ನೂ ಸಂವಿಧಾನಬಾಹಿರವೆಂದು ಸಾರಿತು. ಮತದಾರನಿಗೆ ತಿಳಿಯುವ ಹಕ್ಕಿದೆಯೆಂಬುದು ಆ ತೀರ್ಪಿನ ತಿರುಳು. 1695ರಲ್ಲಿ ಕಂಪೆನಿಯ ಲೆಕ್ಕಗಳನ್ನು ತೆರೆಯಿಸಿದ ಪಾರ್ಲಿಮೆಂಟು ಇದೇ ತತ್ತ್ವದ ಹೊಸ್ತಿಲವರೆಗೆ ಬಂದು ಹಿಂದಿರುಗಿತ್ತು.

ಒಟ್ಟಿನಲ್ಲಿ, ಈ ಮೂರು ಗ್ರಂಥಗಳೂ ನಮ್ಮ ಗ್ರಂಥಾಲಯಗಳಲ್ಲಿರಲೇಬೇಕಾದವು. ಸದರ್ಲೆಂಡ್ ಮತ್ತು ದತ್ತರ ಹಳೆಯ ಗ್ರಂಥಗಳನ್ನು ಬದಿಗಿಟ್ಟುಕೊಂಡು ಓದಿದರೆ ಅವುಗಳ ಬೆಲೆ ಇಮ್ಮಡಿಸುತ್ತದೆ. ಆದರೆ ಮೈಸೂರು, ಆರ್ಕಾಟು, ತಂಜಾವೂರುಗಳ ಕಂದಾಯದ ದಾಖಲೆಗಳನ್ನು ಲಂಡನ್ನಿನ ಲಾಭಾಂಶದ ಲೆಕ್ಕದೊಡನೆ ಎದುರುಬದುರಾಗಿಟ್ಟು ನೋಡುವ ಗ್ರಂಥ ಇನ್ನೂ ಬರಬೇಕಾಗಿದೆ. ಈ ಕೆಲಸಕ್ಕೆ ಕನ್ನಡ, ತಮಿಳು, ಮರಾಠಿ, ಪಾರಸಿ ಭಾಷೆಗಳ ಪರಿಚಯವೂ ಲೆಕ್ಕಪತ್ರಗಳನ್ನು ಓದುವ ತಾಳ್ಮೆಯೂ ಬೇಕು. ಅದನ್ನು ಮಾಡಬೇಕಾದವರು ನಮ್ಮ ಕಾಲೇಜುಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳು. ಅವರ ಉತ್ತರಪತ್ರಿಕೆಗಳಿಂದ ಬಿಟ್ಟುಹೋಗಿರುವ ‘ಕುಂಪಣಿ’ ಎಂಬ ಶಬ್ದವನ್ನು ‘ಸರ್ಕಾರ’ದ ಪಕ್ಕದಲ್ಲಿ ಮತ್ತೆ ಬರೆಯಿಸುವುದು ಅಧ್ಯಾಪಕರಾದ ನಮ್ಮ ಮೊದಲ ಕರ್ತವ್ಯ.